ಬ್ರೇಕು ಒತ್ತಿದರೆ ನಡುಗುವ ಮೋಟಾರು

ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಒಂದು ಕಡೆ ಕೂತವರಲ್ಲ. ಅಪ್ಪ ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಕೊಂಡೇ ಕೂಡುತ್ತಿದ್ದ, ಹೊರಗಿನಿಂದ ಯಾರಾದರೂ ಕೂಗಿದರೆ ಥಟ್ಟನೆ ಏಳಲು ಸಲೀಸಾಗಲೆಂದು. ಅವ್ವ ಒಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ದಿನವೊಂದಕ್ಕೆ ಇಡುತ್ತಿದ್ದ ಹೆಜ್ಜೆಗಳನ್ನು ಒಂದೇ ದಿಕ್ಕಿಗೆ ಇಟ್ಟಿದ್ದರೆ ಚಿತ್ತಾಪುರದಿಂದ ವಾಡಿಗೆ ಹೋಗಿ ಬರುತ್ತಿದ್ದಳು. ನನ್ನದಂತೂ ಕೇಳಲೇಬೇಡಿ. ಹೆಂಚಿನ ಮೇಲಿನ ರೊಟ್ಟಿ ಉಬ್ಬುವ ಮೊದಲೇ ಕಿತ್ತು ತಿನ್ನುವವಳು ನಾನು. ಅರ್ಧ ಜಡೆ ಹೆಣೆದಿರುವಾಗಲೇ ಅವ್ವನ ಕೈ ಬಿಡಿಸಿಕೊಂಡು ಓಡುವವಳು. ಈಗ ಹಲ್ಲೆಲ್ಲ ಉದುರಿಸಿಕೊಂಡು ಕೂತಿದ್ದೇನೆ, ಆದರೂ ಹಾಲು ಕಾಯುವ ತನಕ ಒಲೆಯ ಮುಂದೆ ನಿಲ್ಲು ಎಂದರೆ ನನ್ನಿಂದ ಆಗದು. ಆ ಮನೆಯಲ್ಲಿ ಸಮಾಧಾನ ಅನ್ನುವುದು ಇದ್ದದ್ದು ಒಬ್ಬಳ ಹತ್ತಿರ, ಅಪ್ಪನ ತಾಯಿ, ನಮ್ಮ ಆಯಿ. ಬೆಳಿಗ್ಗೆ ಮತ್ತು ಸಂಜೆ ಆಕೆ ಎಡಗೈಯಲ್ಲಿ ಲಿಂಗ ಹಿಡಿದು ದೇವರ ಕೋಣೆಯ ಮಣೆಯ ಮೇಲೆ ಕೂತಳೆಂದರೆ ಎದುರಿನ ಗೋಡೆ ಬೇಕಾದರೆ ಅಲುಗಾಡೀತು, ಆಯಿ ಅಲುಗಾಡುತ್ತಿರಲಿಲ್ಲ. ಆ ಹೊತ್ತಿಗೆ ನಾವೆಲ್ಲ ತುದಿಗಾಲಿನಲ್ಲಿ ನಡೆಯಬೇಕು, ಪಿಸುಮಾತಿನಲ್ಲಿ ಆಡಬೇಕು. ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಮನೆ ಪೂರ್ತಿ ಕಲ್ಲಿನದು. ಗೋಡೆ ಕಲ್ಲು, ನೆಲ ಫರಸಿ, ತಲೆಯ ಮೇಲೆ ಹೊದಿಸಿದ್ದೂ ಅದೇ ಶಹಾಬಾದಿನ ಹಾಸುಗಲ್ಲು. ಅಪ್ಪನ ಕಲ್ಲುಗಣಿ ಇದ್ದದ್ದು ಶಹಾಬಾದಿನ ಬದಿಗೆ, ಕಲ್ಲು ರೈಲು ಹತ್ತುತ್ತಿದ್ದದ್ದು ವಾಡಿಯಲ್ಲಿ, ನಾವಿದ್ದದ್ದು ಚಿತ್ತಾಪುರದಲ್ಲಿ. ಒಂದೇ ದಿನ ಮೂರೂ ಕಡೆ ತಾನಿರಬೇಕೆಂಬ ಅಪ್ಪನ ಹಟಕ್ಕೆ ಮನೆಗೆ ಮೋಟಾರು ಬಂತು. ಸೇಡಂ ಕಡೆಯ ಯಾರೋ ಜಾಗೀರದಾರರ ಮನೆಯಲ್ಲಿ ದುಡಿದು ಹಳತಾಗಿದ್ದ ಗಾಡಿ. ಮೇಲೆ ಮಡಚುವ ಬಟ್ಟೆಯ ಹುಡ್ಡು, ಒತ್ತಿದರೆ ಕೋಣದ ಹಾಗೆ ಕೂಗುವ ಹಾರ್ನು, ಗಾಲಿಗಳಿಗೆ ನಮ್ಮ ಎತ್ತಿನ ಬಂಡಿಗಿದ್ದಂತೆಯೇ ನಡುವಿನಿಂದ ಅಂಚಿಗೆ ಹೊರಟ ಕಟ್ಟಿಗೆಯ ಅರಗಳು. ನಿಲ್ಲಿಸಲು ಬೇರೆ ಜಾಗವಿಲ್ಲದೆ ಅದನ್ನು ದನದ ಕೊಟ್ಟಿಗೆಯಲ್ಲಿ, ಎಡಗಡೆಯ ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದರು. ಬಲಗಡೆಗೆ ದನ ನೀರು ಕುಡಿಯುವ ಕಲ್ಲಿನ ಬಾನಿ, ಅದರಾಚೆ ಎತ್ತುಗಳು. ಮೊದಲ ದಿನ ಎತ್ತುಗಳು ಬೆದರಿ ಹಗ್ಗ ಹರಿದುಕೊಂಡು ಹಿತ್ತಲಿಗೆ ನುಗ್ಗಿದವು. ಆಯಿ ಹೋಗಿ ಮೋಟಾರಿನ ಮುಂಭಾಗಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದು, ಇನ್ನು ಮೇಲೆ ಇದೂ ನಮ್ಮ ಕೊಟ್ಟಿಗೆಯ ದನವೇ ಎಂದಳು. ಆಮೇಲೆ ಎತ್ತುಗಳೂ ಸುಮ್ಮನಾದವು, ಅಥವಾ ಅವಕ್ಕೂ ರೂಢಿಯಾಯಿತು.

ಅಪ್ಪನಿಗೆ ಮೋಟಾರು ನಡೆಸಲು ಬರುತ್ತಿರಲಿಲ್ಲ. ನಡೆಸುತ್ತಿದ್ದವನು ಸಾಯಬಣ್ಣ, ಕಾಗಿಣಾ ನದಿಯ ದಂಡೆಯ ಅಂಬಿಗರವನು. ಅವನಪ್ಪ ಮಳೆಗಾಲದಲ್ಲಿ ಹರಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ. ಮಗ ಹೈದರಾಬಾದಿಗೆ ಹೋಗಿ ಯಾರೋ ನವಾಬರ ಮನೆಯಲ್ಲಿ ಮೋಟಾರು ತೊಳೆಯುತ್ತ ತೊಳೆಯುತ್ತ ನಡೆಸುವುದನ್ನೂ ಕಲಿತು ಬಂದಿದ್ದ. ಗಾಡಿ ನಿಲ್ಲಿಸುವುದರಲ್ಲಿ ಅವನದು ಒಂದು ಅಭಿಮಾನ. ಓಡಿಸುವುದನ್ನು ಯಾರು ಬೇಕಾದರೂ ಕಲಿಯಬಹುದು, ನಿಲ್ಲಿಸುವುದನ್ನು ಕಾಲು ಕಲಿಯಬೇಕು ಎನ್ನುತ್ತಿದ್ದ. ಒಮ್ಮೆ ಆಯಿ ಬಾಯಿಮಟ್ಟ ಮಜ್ಜಿಗೆ ತುಂಬಿದ ತಂಬಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಡಕಿ ಊರಿನಿಂದ ಬಂದಿಳಿದಾಗ ಆಕೆಯ ಸೀರೆಯ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಸಾಯಬಣ್ಣ ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದ. ಸೇಂದಿ ಮುಟ್ಟುವುದಿಲ್ಲ ಎಂದು ತಾಯಿ ಸಾಯುವಾಗ ಆಕೆಯ ಕೈ ಮೇಲೆ ಆಣೆ ಮಾಡಿದ್ದನಂತೆ, ಮುಟ್ಟಿರಲೂ ಇಲ್ಲ. ನನ್ನನ್ನು 'ಸಣ್ಣ ಸಾವ್ಕಾರ್ತಿ' ಎಂದು ಕಾಡಿಸುತ್ತ, ಅಪ್ಪ ಕಾಣದಿದ್ದಾಗ ಹಾರ್ನು ಒತ್ತಲು ಬಿಡುತ್ತಿದ್ದ. ನನ್ನ ಹನ್ನೊಂದನೆಯ ವಯಸ್ಸಿನಲ್ಲಿ ನನಗೆ ಲೋಕದಲ್ಲಿ ಎಲ್ಲರಿಗಿಂತ ದೊಡ್ಡ ಮನುಷ್ಯ ಯಾರೆಂದು ಕೇಳಿದ್ದರೆ ಸಾಯಬಣ್ಣ ಕಾಕಾ ಎಂದೇ ಹೇಳುತ್ತಿದ್ದೆ.

ನಮ್ಮ ಕಡೆಯ ಬೇಸಿಗೆಯಲ್ಲಿ ಬಂಡಿಯ ಗಾಲಿಗಳ ಕಟ್ಟಿಗೆ ಒಣಗಿ ಕುಗ್ಗುತ್ತದೆ. ಸುತ್ತಲಿನ ಕಬ್ಬಿಣದ ಪಟ್ಟಿ ಸಡಿಲಾಗಿ ದಾರಿಯಲ್ಲೇ ಕಳಚಿಕೊಂಡು ಬೀಳುತ್ತದೆ. ಅದಕ್ಕೇ ಸಂಜೆ ದನಕ್ಕೆ ನೀರು ಕುಡಿಸಿದ ಮೇಲೆ ಗಾಲಿಗೂ ನೀರು ಹನಿಸುವುದು ವಾಡಿಕೆ. ಕಟ್ಟಿಗೆ ನೀರು ಕುಡಿದು ಉಬ್ಬಿ ಬಿಗಿಯಾಗುತ್ತದೆ. ಆಯಿ ಒಕ್ಕಲು ಮನೆಯ ಮಗಳು. ಮೋಟಾರಿನ ಗಾಲಿಯ ಅರಗಳು ಕಿರ್ ಕಿರ್ ಎನ್ನುವುದು ಕಿವಿಗೆ ಬಿದ್ದದ್ದೇ ಇದಕ್ಕೂ ಬಾಯಾರಿದೆ ಎಂದು ತೀರ್ಮಾನಿಸಿದಳು, ನೀರು ಹನಿಸುವ ಕೆಲಸವನ್ನು ನನಗೆ ವಹಿಸಿದಳು. ಎಂಟು ದಿನದಲ್ಲಿ ಆ ಸದ್ದು ನಿಂತೇ ಹೋಯಿತು, ಆಯಿ ಗೆದ್ದಳು. ಇದು ಅಪ್ಪನಿಗೆ ಗೊತ್ತಿರಲಿಲ್ಲ, ಸಾಯಬಣ್ಣನಿಗೂ ಗೊತ್ತಿರಲಿಲ್ಲ. ಅಪ್ಪ ಮುಂಬಾಗಿಲಲ್ಲೇ ಜಿಗಿದು ಒಳಗೆ ಹೋಗುತ್ತಿದ್ದ. ಸಾಯಬಣ್ಣ ಗಾಡಿಯನ್ನು ಕೊಟ್ಟಿಗೆಗೆ ಬಿಟ್ಟು, ಕೀಲಿ ಒಪ್ಪಿಸಿ ಮನೆಗೆ ನಡೆಯುತ್ತಿದ್ದ. ಆಮೇಲೆ ಕೊಟ್ಟಿಗೆ ನನ್ನ ರಾಜ್ಯ. ನಮ್ಮ ಮನೆಗೆ ಬರಲು ಬಜಾರದಿಂದ ಕಡಿದಾದ ಇಳಿಜಾರು ಇತ್ತು. ಆ ಗಾಡಿಗೆ ಬ್ರೇಕು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಇಳಿಜಾರಿನ ಉದ್ದಕ್ಕೂ ಬ್ರೇಕು ಒತ್ತಿಕೊಂಡೇ ಬರಬೇಕಾದ್ದರಿಂದ ಗಾಲಿಯ ನಡುವಿನ ಕಬ್ಬಿಣದ ಡ್ರಮ್ಮು ಕಾದ ಹೆಂಚಿನಂತಾಗಿರುತ್ತಿತ್ತು. ಬಾನಿಯ ತಣ್ಣೀರನ್ನು ಅದರ ಮೇಲೆ ಎರಚಿದರೆ ಚುಂಯ್ ಎಂದು ಸದ್ದು, ಬಿಳಿ ಹಬೆ. ನನಗೆ ಅದೊಂದು ಹುಚ್ಚು. ಗೋಡೆಯ ಬದಿಯ ಗಾಲಿಗೆ ಕೈ ಎಟುಕುತ್ತಿರಲಿಲ್ಲವಾಗಿ ಅದಕ್ಕೆ ಒಂದಿಷ್ಟು ಚಿಮುಕಿಸಿ ಬಿಡುತ್ತಿದ್ದೆ. ಬಾನಿಯ ಬದಿಯದಕ್ಕೆ ಮಾತ್ರ ತಂಬಿಗೆಯ ಮೇಲೆ ತಂಬಿಗೆ ಸುರಿಯುತ್ತಿದ್ದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಮೋಟಾರು ನಡುಗಲು ಶುರುವಾಯಿತು. ಓಡುವಾಗ ಏನೂ ಇಲ್ಲ, ಬ್ರೇಕಿನ ಮೇಲೆ ಕಾಲಿಟ್ಟರೆ ಸಾಕು, ಹಿಂದಿನಿಂದ ಶುರುವಾಗಿ, ಕೂತವರ ಹಲ್ಲು ಕಟಕಟಿಸುವ ತನಕ ಗಡಗಡ ನಡುಗುತ್ತಿತ್ತು. ಮೊದಮೊದಲು ನನಗೆ ನಗೆ ಬಂತು. ಅಪ್ಪನಿಗೆ ಬರಲಿಲ್ಲ. ಸಾಯಬಣ್ಣ ಗಾಲಿಯ ನಟ್ಟುಗಳನ್ನೆಲ್ಲ ಬಿಗಿ ಮಾಡಿದ, ನಡುಗುವುದು ನಿಲ್ಲಲಿಲ್ಲ. ಮುಂದಿನ ಟಾಯರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದ. ಸ್ಪ್ರಿಂಗಿನ ಪಟ್ಟಿಗಳನ್ನು ಕಟ್ಟಿದ ಬೋಲ್ಟುಗಳನ್ನು ನೋಡಿದ. ಗಾಡಿಯ ಕೆಳಗೆ ಅಂಗಾತ ಮಲಗಿ ಬ್ರೇಕಿನ ಕಬ್ಬಿಣದ ಸರಳುಗಳನ್ನು ಒಂದು ಸುತ್ತು ಬಿಗಿ ಮಾಡುವುದು, ಮತ್ತೆ ಅರ್ಧ ಸುತ್ತು ಸಡಿಲು ಮಾಡುವುದು, ಎದ್ದು ಇಳಿಜಾರಿನಲ್ಲಿ ಒಂದು ಸಲ ಇಳಿದು ನೋಡುವುದು. ಅಪ್ಪ ಅವನ ತಲೆಯ ಹತ್ತಿರವೇ ನಿಂತು, ಆಯ್ತೋ, ಆಯ್ತೋ ಎಂದು ಶತಪಥ ಹಾಕುತ್ತಿದ್ದ. ಒಂದೊಂದು ದಿನ ಕಡಿಮೆಯಾದಂತೆ ಅನಿಸಿ ಮರುದಿನ ಇನ್ನೂ ಜೋರಾಗುತ್ತಿತ್ತು. ಯಾಕೆ ಜೋರಾಗುತ್ತಿತ್ತು ಎಂದು ಈಗ ನಿಮಗೂ ಗೊತ್ತು, ಆಗ ನನಗೆ ಗೊತ್ತಿರಲಿಲ್ಲ. ಸಂಜೆಯಾದರೆ ತಂಬಿಗೆ ಹಿಡಿದು ಕೊಟ್ಟಿಗೆಗೆ ಓಡುತ್ತಲೇ ಇದ್ದೆ. ಮನೆಯಲ್ಲಿ ಪುಂಡಿಪಲ್ಯದ ಮುಂದೆ, ಶೇಂಗಾ ಹಿಂಡಿಯ ಮುಂದೆ, ಎಲ್ಲ ಊಟದ ಮುಂದೂ ಅದೇ ಮಾತು. ಅವ್ವ ಯಾರ ದೃಷ್ಟಿ ತಾಕಿತೋ ಎಂದು ಒಣಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಅಪ್ಪ ಕೆಮ್ಮುತ್ತ ಅಂಗಳಕ್ಕೆ ಎದ್ದು ಹೋದ.

ಆಮೇಲೆ ಹೈದರಾಬಾದಿನಿಂದ ದೊಡ್ಡ ಅಧಿಕಾರಿಯೊಬ್ಬ ಬಂದ. ಕಲ್ಲುಗಣಿಯ ಪರವಾನಗಿ ಅವನ ಕೈಯಲ್ಲಿತ್ತು. ಅವನನ್ನು ವಾಡಿ ಸ್ಟೇಷನ್ನಿನಿಂದ ಕರೆತರಲು ಅಪ್ಪ ಮೋಟಾರು ತೆಗೆದುಕೊಂಡು ಹೋದ. ಟಾಂಗಾ ಕಳಿಸೋಣ, ಗಾಡಿ ಸರಿ ಇಲ್ಲ ಎಂದು ಸಾಯಬಣ್ಣ ಮೊದಲೇ ಹೇಳಿದ್ದ, ಅಪ್ಪ ಕೇಳಲಿಲ್ಲ. ಬಜಾರದ ತುದಿಯಲ್ಲಿ, ಇಳಿಜಾರು ಶುರುವಾಗುವಲ್ಲಿ ಎಮ್ಮೆಯೊಂದು ಅಡ್ಡ ಬಂತು. ಸಾಯಬಣ್ಣ ಬ್ರೇಕು ಒತ್ತಿದ. ಎಮ್ಮೆ ಉಳಿಯಿತು, ಗಾಡಿ ನಿಂತಿತು, ಆದರೆ ನಿಲ್ಲುವ ಮೊದಲು ಗಡಗಡನೆ ಕುಣಿದ ಕುಣಿತಕ್ಕೆ ಅಧಿಕಾರಿಯ ಬಾಯೊಳಗಿನ ಎಲೆಅಡಿಕೆಯ ರಸವೆಲ್ಲ ಅವನ ಬಿಳಿ ಶೇರವಾನಿಯ ಎದೆಯ ಮೇಲೆ ಬಂತು. ಬಜಾರದ ಕಟ್ಟೆಯ ಮೇಲೆ ಕೂತವರು ನಕ್ಕರು. ನಾನು ಕಿರಾಣಿ ಅಂಗಡಿಯ ಮುಂದೆ ಬೆಲ್ಲದ ಪುಡಿಕೆ ಹಿಡಿದುಕೊಂಡು ನಿಂತಿದ್ದೆ, ನಾನೂ ನಕ್ಕೆ. ಅಪ್ಪ ಇಳಿದು ಬಂದ. ಅವನ ಮುಖ ನೋಡಿ ಎಲ್ಲರ ನಗೆ ನಿಂತಿತು. ಅಧಿಕಾರಿಗೆ ಕೇಳುವಂತೆ, ಊರಿಗೂ ಕೇಳುವಂತೆ, ಈ ಅಂಬಿಗ ಸೇಂದಿ ಕುಡಿದು ಬಂದಿದ್ದಾನೆ, ಇವನ ಕಾಲು ನಡುಗುತ್ತದೆ, ಹುಟ್ಟು ಹಾಕುವವನ ಕೈಗೆ ಮೋಟಾರು ಕೊಟ್ಟದ್ದು ನನ್ನ ತಪ್ಪು ಎಂದ. ಸಾಯಬಣ್ಣ ಗಾಡಿಯಿಂದ ಇಳಿದ. ಕೀಲಿಯನ್ನು ಸೀಟಿನ ಮೇಲೆ ಇಟ್ಟ.

"ನನ್ನ ಕಾಲ ನಡುಗಂಗಿಲ್ರಿ ಸಾವ್ಕಾರ್ರ. ಗಾಲಿ ನಡುಗಾಕತ್ತದ. ಬ್ಯಾರೆ ಯಾರರೆ ಕುಂತು ಒತ್ತಿ ನೋಡ್ಲಿ."

"ನೀ ನನಗ ಹೇಳಬ್ಯಾಡ. ನಡಿ ಮನಿಗಿ."

ಅವನು ನಡೆದ. ಕಟ್ಟೆಯ ಮೇಲಿದ್ದ ಅಷ್ಟೂ ಜನರ ಮುಂದೆ, ಬೆನ್ನು ನೆಟ್ಟಗಿಟ್ಟುಕೊಂಡು ನದಿಯ ಕಡೆಗೆ. ನನ್ನನ್ನು ಕಂಡ, ಆದರೆ ಸಣ್ಣ ಸಾವ್ಕಾರ್ತಿ ಎನ್ನಲಿಲ್ಲ. ಆ ದಿನದಿಂದ ಊರಲ್ಲಿ ಹುಡುಗರು ಅವನು ಕಂಡರೆ ಒಂಟಿಗಾಲು ಅಲುಗಾಡಿಸಿ ತೋರಿಸತೊಡಗಿದರು. ಅವನ ಮಾವನ ಮನೆಯವರು ತಮ್ಮ ಮಗಳನ್ನು ತವರಿಗೆ ತಂದು ಬಿಡೆಂದು ಕೇಳಿದರೆಂದು ಅವ್ವ ಬಾವಿಯ ಹತ್ತಿರ ಕೇಳಿ ಬಂದಳು. ತಾಯಿಯ ಆಣೆ ಮುರಿದವನಂತೆ ಅವನು. ನನಗೆ ಊಟ ಸೇರದಾಯಿತು. ಅವನು ಕುಡಿದಿರಲಿಲ್ಲ ಎಂಬುದು ನನಗೆ ಗೊತ್ತಿತ್ತು, ಆದರೆ ಮತ್ತೇಕೆ ನಡುಗಿತು ಎಂಬುದು ಗೊತ್ತಿರಲಿಲ್ಲ. ಅಪ್ಪ ಶಹಾಬಾದಿನಿಂದ ಬೇರೆ ಡ್ರೈವರನನ್ನು ತಂದ. ಅವನು ಮೊದಲ ದಿನ ಇಳಿಜಾರಿನಲ್ಲಿ ಬ್ರೇಕು ಒತ್ತಿದ, ಗಾಡಿ ಮೊದಲಿನಂತೆಯೇ ಗಡಗಡ ಎಂದಿತು. ಹೊಸಬನ ಕಾಲೂ ನಡುಗುತ್ತದೇನು ಎಂದು ಊಟದ ಹೊತ್ತಿಗೆ ಆಯಿ ಕೇಳಿದಳು. ಅಪ್ಪ ರೊಟ್ಟಿ ಬಿಟ್ಟು ಕೈ ತೊಳೆದ.

ವಾಡಿಯಲ್ಲಿ ರೈಲಿನ ಕಾರಖಾನೆಯ ಕೆಲಸ ಮುಗಿಸಿಕೊಂಡು ಮನೆಯ ಹಿಂದೆ ಸ್ವಂತ ಖರಾದಿ ಇಟ್ಟುಕೊಂಡಿದ್ದ ಮುದುಕನೊಬ್ಬ ಇದ್ದ. ಖರಾದಿ ಎಂದರೆ ಕಬ್ಬಿಣವನ್ನು ತಿರುಗಿಸುತ್ತ ಕೆತ್ತುವ ಯಂತ್ರ. ಅವನದಕ್ಕೆ ಒಂದು ದೊಡ್ಡ ಗಾಲಿ, ಅದನ್ನು ಆಳೊಬ್ಬ ಕೈಯಿಂದ ತಿರುವಬೇಕು. ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಅಪ್ಪ ಗಾಡಿಯನ್ನು ಅಲ್ಲಿಗೆ ಒಯ್ದ. ನಾನು ಹಟ ಹಿಡಿದು ಹಿಂದಿನ ಸೀಟಿನಲ್ಲಿ ಕೂತಿದ್ದೆ. ನನ್ನ ಹಟದ ಮುಂದೆ ಅಪ್ಪನ ಹಟ ಕೆಲವೊಮ್ಮೆ ಸೋಲುತ್ತಿತ್ತು. ಉಸ್ತಾದ್ ಯಾರ ಮಾತನ್ನೂ ಕೇಳದೆ ಜಾಕಿ ಕೊಟ್ಟು ಹಿಂದಿನ ಭಾಗವನ್ನು ಎತ್ತಿ, ಗಾಲಿಗಳು ನೆಲ ಬಿಡುವಂತೆ ಮಾಡಿದ. ಡ್ರೈವರನನ್ನು ಇಳಿಸಿ ನನ್ನನ್ನು ಕರೆದ.

"ಬೇಟಿ, ನೀ ಕುಂದ್ರು. ಬ್ರೇಕಿನ ಮ್ಯಾಲ ಹಗೂರಕ ಕಾಲಿಡು. ಒತ್ತಬ್ಯಾಡ, ಬರೇ ಇಡು."

ನಾನು ಸೀಟಿನ ತುದಿಗೆ ಜಾರಿ ಕೂತು ಕಾಲು ಚಾಚಿದೆ. ಅವನು ಬಲಗಡೆಯ ಗಾಲಿಯನ್ನು ಕೈಯಿಂದ ನಿಧಾನ ತಿರುವಿದ. ಅರ್ಧ ಸುತ್ತು ಸುಮ್ಮನೆ ಬಂತು, ಆಮೇಲೆ ಬ್ರೇಕಿನ ಪೆಡಲು ನನ್ನ ಅಂಗಾಲನ್ನು ಹಿಂದಕ್ಕೆ ಒದೆಯಿತು. ಮತ್ತೆ ಅರ್ಧ ಸುತ್ತು ಸುಮ್ಮನೆ, ಮತ್ತೆ ಒದೆತ. ನನ್ನ ಕಾಲು ಕುಣಿಯಿತು, ನಾನು ಕುಣಿಸಿರಲಿಲ್ಲ. ಸಾಯಬಣ್ಣನ ಕಾಲಿಗೆ ಆಗಿದ್ದೂ ಇದೇ ಎಂದು ಆಗ ತಿಳಿಯಿತು. ನಾನು ಕಾಲು ತೆಗೆದ ಮೇಲೆ ಉಸ್ತಾದ್ ಗಾಲಿ ಬಿಚ್ಚಿ ಡ್ರಮ್ಮನ್ನು ಮಾತ್ರ ಅದರ ಜಾಗದಲ್ಲಿ ತಿರುವುತ್ತ, ಇದ್ದಿಲ ತುಂಡೊಂದನ್ನು ಅಲುಗಾಡದಂತೆ ಅದರ ಹತ್ತಿರ ಹಿಡಿದ. ಡ್ರಮ್ಮು ಗುಂಡಗಿದ್ದರೆ ಸುತ್ತಲೂ ಒಂದೇ ಗೆರೆ ಬೀಳಬೇಕಿತ್ತು. ಎದುರುಬದುರಾಗಿ ಎರಡು ಕಡೆ ಮಾತ್ರ ಕಪ್ಪಾಯಿತು. ತತ್ತಿಯ ಹಾಗಾಗಿದೆ ಎಂದು ಅವನು ನಕ್ಕ. ಎಡಗಡೆಯದನ್ನು ನೋಡಿದ, ಅದು ಸರಿಯಾಗಿಯೇ ಇತ್ತು. ಆಮೇಲೆ ಬಲಗಡೆಯ ಡ್ರಮ್ಮನ್ನು ಬಿಸಿಲಿಗೆ ಹಿಡಿದು ಅದರ ಮೇಲಿನ ನೀಲಿ ಕಲೆಗಳನ್ನು ಬೆರಳಿನಿಂದ ತೋರಿಸಿದ. ಕಾದ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಅದು ಹೀಗೇ ಮುರುಟಿಕೊಳ್ಳುತ್ತದೆ, ಒಂದು ದಿನದ ಮಾತಲ್ಲ, ಬಹಳ ದಿನ ಬಿದ್ದಿದೆ ಎಂದ. ನಿಮ್ಮ ಗಾಡಿ ಎಡಗಡೆ ಗೋಡೆಗೆ ಹತ್ತಿ ನಿಲ್ಲುತ್ತದೇನು ಎಂದೂ ಕೇಳಿದ. ಅಪ್ಪ ದಂಗಾಗಿ ಹೌದೆಂದ.

"ಹಂಗಾದ್ರ ನೀರ ಯಾರ್ ಹಾಕ್ತಾರ, ಸೇಠ?"

"ಮತ್ತ್ಯಾರು, ಆ ಸಾಯಬಣ್ಣನೇ. ಹೊಳಿದಂಡಿ ಮಂದಿ, ನೀರ ಕಂಡ್ರ ಕೈ ಸುಮ್ನಿರಂಗಿಲ್ಲ."

"ತೊಳಿಯೋ ಮನಸ್ಯಾ ಎಲ್ಲಾ ಗಾಲಿ ತೊಳೀತಾನ. ಇದು ತೊಳದದ್ದಲ್ಲ."

ಅಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಗಾಡಿಯ ಮರೆಗೆ ಸರಿದು ನಿಂತೆ. ಆಳು ದೊಡ್ಡ ಗಾಲಿಯನ್ನು ತಿರುವುತ್ತಿದ್ದ, ಖರಾದಿಯ ಮೇಲೆ ನಮ್ಮ ಡ್ರಮ್ಮು ಸುತ್ತುತ್ತಿತ್ತು, ಉಸ್ತಾದನ ಉಳಿಯ ಮುಂದೆ ಕಬ್ಬಿಣ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಮೊದಲು ಎರಡು ಕಡೆ ಮಾತ್ರ ತಾಕುತ್ತಿದ್ದ ಉಳಿ ಸಂಜೆಯ ಹೊತ್ತಿಗೆ ಸುತ್ತಲೂ ಒಂದೇ ಸಮ ಹಾಡತೊಡಗಿತು. ಗಾಲಿ ಜೋಡಿಸಿ ಮತ್ತೆ ನನ್ನ ಕಾಲನ್ನು ಇಡಿಸಿದ. ಈಗ ಪೆಡಲು ಹೊಸ್ತಿಲ ಕಲ್ಲಿನಷ್ಟು ಸ್ತಬ್ಧ. ಇನ್ನೊಮ್ಮೆ ಹೀಗೆ ಮಾಡಿದರೆ ಕೆತ್ತಲು ಕಬ್ಬಿಣ ಉಳಿಯುವುದಿಲ್ಲ ಎಂದು ಹೇಳಿ ಕಳಿಸಿದ. ದಾರಿಯುದ್ದಕ್ಕೂ ಅಪ್ಪ ಡ್ರೈವರನಿಗೆ ಅಲ್ಲಿ ನಿಲ್ಲಿಸು ಇಲ್ಲಿ ನಿಲ್ಲಿಸು ಎಂದು ಹತ್ತು ಸಲ ಬ್ರೇಕು ಒತ್ತಿಸಿ ಚಿಕ್ಕ ಹುಡುಗನಂತೆ ಸಂಭ್ರಮಿಸಿದ. ನಾನು ಹಿಂದೆ ಕೂತು ಸೀಟಿನ ಹರಿದ ತೊಗಲನ್ನು ಇನ್ನಷ್ಟು ಹರಿಯುತ್ತಿದ್ದೆ.

ಆ ಸಂಜೆ ಊಟಕ್ಕೆ ಕೂತಾಗ ಅಪ್ಪ ಕತೆಯನ್ನೆಲ್ಲ ಹೇಳಿ, ಕುಡುಕ ಅಲ್ಲದಿದ್ದರೆ ದಡ್ಡ, ಕಾದ ಗಾಲಿಗೆ ನೀರು ಹಾಕಿದವನು ಸಾಯಬಣ್ಣನೇ ಎಂದು ಮತ್ತೆ ಅಂದ. ಇನ್ನು ತಡೆಯಲಾಗಲಿಲ್ಲ. ಅವನಲ್ಲ, ಗಾಲಿ ಒಣಗಬಾರದೆಂದು ನೀರು ಹಾಕಿಸುವವಳು ಆಯಿ, ಹಾಕುವವಳು ನಾನು ಎಂದು ಹೇಳಿಬಿಟ್ಟೆ. ನೋಡಿ, ಇಲ್ಲಿಯ ತನಕ ಒಂದು ಮಾತನ್ನು ನಿಮಗೂ ಹೇಳದೆ ನುಂಗಿಕೊಂಡು ಬಂದಿದ್ದೇನೆ. ಆಯಿ ನನಗೆ ಹೇಳಿದ್ದು, ದನ ನೀರು ಕುಡಿದಾದ ಮೇಲೆ, ಗಾಲಿ ಪೂರ್ತಿ ಆರಿದ ಮೇಲೆ, ಅರಗಳಿಗಷ್ಟೇ ಸಾವಕಾಶ ಹನಿಸು ಎಂದು. ಬಿಸಿ ಇದ್ದಾಗಲೇ ಸುರಿದದ್ದು ನಾನು. ತಡೆಯಲಾರದೆ, ಆ ಚುಂಯ್ ಎನ್ನುವ ಸದ್ದಿನ ಆಸೆಗೆ. ಅಪ್ಪನ ಮುಂದೆ ಆ ಅರ್ಧವನ್ನು ನಾನು ಹೇಳಲಿಲ್ಲ. ಅಂಜಿಕೆ ಅನ್ನಿ, ಹೇಡಿತನ ಅನ್ನಿ, ಎರಡೂ ಸರಿಯೇ. ಆಯಿ ಮಜ್ಜಿಗೆಯ ಬಟ್ಟಲು ಕೆಳಗಿಟ್ಟು ನನ್ನ ಕಡೆ ನೋಡಿದಳು. ಬಹಳ ಹೊತ್ತು ಏನಲ್ಲ. ಆಮೇಲೆ ಅಪ್ಪನ ಕಡೆ ತಿರುಗಿ, ಹೌದು, ನೀರು ಹಾಕಿಸಿದವಳು ನಾನೇ ಎಂದಳು. ಅಪ್ಪ ಎದ್ದು ಅಂಗಳದಲ್ಲಿ ತಿರುಗತೊಡಗಿದ.

ಮರುದಿನ ಅಪ್ಪ ಹೊಸ ಡ್ರೈವರನನ್ನು ಕಳಿಸಿಬಿಟ್ಟು, ಕೆಲಸಕ್ಕೆ ಬಾ ಎಂದು ಸಾಯಬಣ್ಣನಿಗೆ ಹೇಳಿಕಳಿಸಿದ. ತನ್ನ ದೃಷ್ಟಿಯಲ್ಲಿ ಅಲ್ಲಿಗೆ ಎಲ್ಲ ಮುಗಿದಿತ್ತು. ಹೋದ ಆಳು ಒಬ್ಬನೇ ಬಂದ. ಸಾವಕಾರರು ಬಜಾರದಲ್ಲಿ ಅಂದದ್ದನ್ನು ಬಜಾರದಲ್ಲೇ ಹಿಂದಕ್ಕೆ ತೆಗೆದುಕೊಳ್ಳಬೇಕು, ತನಗೆ ಬೇರೇನೂ ಬೇಡ ಎಂದು ಸಾಯಬಣ್ಣ ಹೇಳಿದ್ದನಂತೆ. ಅಪ್ಪ ಉರಿದುಬಿದ್ದ. ತಾನು ಹೋಗಿ ಕಟ್ಟೆಯ ಮೇಲೆ ನಿಂತು ಅಂಬಿಗನಿಗೆ ತಪ್ಪಾಯಿತು ಅನ್ನಬೇಕೋ, ಹಾಗಾದರೆ ನಾಳೆ ಗಣಿಯಲ್ಲಿ ತನ್ನ ಮಾತನ್ನು ಯಾರು ಕೇಳುತ್ತಾರೆ ಎಂದು ಕೂಗಾಡಿದ. ಹತ್ತು ಹನ್ನೆರಡು ದಿನ ಮನೆ ಕುದಿಯುತ್ತಲೇ ಇತ್ತು. ಮೋಟಾರು ಕೊಟ್ಟಿಗೆಯಲ್ಲಿ, ಅಪ್ಪ ಟಾಂಗಾದಲ್ಲಿ. ಅವ್ವ ಪಾತ್ರೆಗಳನ್ನು ಕುಕ್ಕುತ್ತಿದ್ದಳು. ನಾನು ಆಯಿಯ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ದಿನಕ್ಕೆ ನಾಲ್ಕು ಸಲ ಹೇಳಬೇಕೆಂದು ದೇವರ ಕೋಣೆಯ ಬಾಗಿಲ ತನಕ ಹೋಗುವುದು, ತಿರುಗಿ ಬರುವುದು. ನದಿಯ ಕಡೆಯಿಂದ ಬಂದ ಸುದ್ದಿ ಇನ್ನೂ ಕೆಟ್ಟದ್ದಿತ್ತು. ಸಾಯಬಣ್ಣನ ಹೆಂಡತಿ ತವರಿಗೆ ಹೋಗಿದ್ದಳು, ಅವನು ಊರು ಬಿಟ್ಟು ಚಿಂಚೋಳಿಯ ಕಡೆ ಹೋಗಲು ಗಂಟು ಕಟ್ಟಿದ್ದ.

ಆ ಸುದ್ದಿ ಬಂದ ಬೆಳಿಗ್ಗೆ ಆಯಿ ಪೂಜೆ ಮುಗಿಸಿ, ತೊಳೆದ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ನನ್ನ ಕೈ ಹಿಡಿದು ಹೊರಟಳು. ಅಜ್ಜ ತೀರಿಕೊಂಡ ಮೇಲೆ ಆಕೆ ಬಜಾರದಲ್ಲಿ ಕಾಲ್ನಡಿಗೆಯಲ್ಲಿ ಹೋದದ್ದೇ ಇಲ್ಲ. ನಮ್ಮಂಥ ಮನೆಯ ಹಿರಿಯ ಹೆಂಗಸು ಬಜಾರದಲ್ಲಿ ನಡೆಯುವುದೆಂದರೆ ಅಂಗಡಿಯವರು ತಕ್ಕಡಿ ಕೆಳಗಿಟ್ಟು ನೋಡುವ ಸಂಗತಿ. ನೋಡಿದರು. ಆಯಿ ಕಟ್ಟೆಯ ಮುಂದೆ ನಿಂತು, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ದನಿ ಏರಿಸದೆ ಹೇಳಿದಳು.

"ಮೋಟಾರಿನ ಗಾಲಿಗಿ ನೀರ ಹಾಕ್ಸದಾಕಿ ನಾ. ಅದಕ್ಕ ಗಾಲಿ ಕೆಟ್ಟು ನಡುಗ್ಯದ. ಸಾಯಬಣ್ಣನ ಕಾಲ ನಡುಗಿಲ್ಲ, ಅವ ಸೇಂದಿ ಮುಟ್ಟಿಲ್ಲ. ನನ್ನ ಮಗ ಅಂದದ್ದು ಸುಳ್ಳ. ಎಲ್ಲಾರೂ ಕೇಳ್ದಿರಿಲ್ಲ?"

ಕಟ್ಟೆಯ ಮೇಲಿನವರು ಕೇಳಿದೆವು ಎಂದರು. ನಾನು ಆಕೆಯ ಪಕ್ಕದಲ್ಲಿ, ಆಕೆಯ ಕೈ ಹಿಡಿದುಕೊಂಡು ನಿಂತಿದ್ದೆ. ಬಾಯಿ ತೆರೆಯಬೇಕಾದ ಜಾಗ ಅದು, ಹೊತ್ತೂ ಅದೇ. ತೆರೆಯಲಿಲ್ಲ.

ಸುದ್ದಿ ಅಪ್ಪನಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿ ಬಂದ. ತಾಯಿ ತನ್ನ ಮಾತನ್ನು ಅದು ಬಿದ್ದ ಜಾಗದಿಂದಲೇ ಎತ್ತಿಕೊಂಡದ್ದನ್ನು ಹತ್ತು ಜನರ ಬಾಯಲ್ಲಿ ಕೇಳಿದ. ಬಹಳ ಹೊತ್ತು ಕಟ್ಟೆಯ ಹತ್ತಿರ ಅತ್ತಿಂದಿತ್ತ ನಡೆದಾಡಿ, ಆಮೇಲೆ ನೆಟ್ಟಗೆ ನದಿಯ ಓಣಿಗೆ ಹೋದ. ಅಲ್ಲಿ ಏನಾಯಿತೆಂದು ಸಾಯಬಣ್ಣನೇ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ. ಅಪ್ಪ ತಪ್ಪಾಯಿತು ಎನ್ನಲಿಲ್ಲವಂತೆ. ಬಾಗಿಲಲ್ಲಿ ನಿಂತು, ಬಾಯಾರಿದೆ, ನೀರು ಕೊಡು ಎಂದನಂತೆ. ನಮ್ಮ ಮನೆಯವರು ಆ ಓಣಿಯಲ್ಲಿ ಅದುವರೆಗೆ ಯಾರ ಕೈಯಿಂದಲೂ ನೀರು ಕುಡಿದಿರಲಿಲ್ಲ. ಸಾಯಬಣ್ಣ ತಂಬಿಗೆ ತಂದುಕೊಟ್ಟ, ಅಪ್ಪ ಓಣಿಯವರೆಲ್ಲ ನೋಡುವಂತೆ ಅದನ್ನು ಪೂರ್ತಿ ಕುಡಿದ. ಅವ್ವ ಜಂಗಮರು ಏನೆನ್ನುವರೋ ಎಂದು ಎರಡು ದಿನ ಅತ್ತಳು. ಮೂರನೆಯ ದಿನ ಸಾಯಬಣ್ಣ ಕೆಲಸಕ್ಕೆ ಬಂದ, ಅವನ ಹೆಂಡತಿಯೂ ತವರಿನಿಂದ ಬಂದಳು. ಇಳಿಜಾರಿನಲ್ಲಿ ಮೋಟಾರು ಸದ್ದಿಲ್ಲದೆ ಇಳಿದು ಬಂದು ನಮ್ಮ ಬಾಗಿಲಲ್ಲಿ ನಿಂತಿತು. ಸಣ್ಣ ಸಾವ್ಕಾರ್ತಿ, ಹಾರ್ನು ಒತ್ತಾಕ ಬರಂಗಿಲ್ಲೇನು ಎಂದು ಕರೆದ. ನಾನು ಒಳಗೆ ಓಡಿಹೋದೆ.

ಎಲ್ಲ ಸರಿಹೋದ ಮೇಲೆ ನನ್ನ ತಳಮಳ ಹೆಚ್ಚಿತು. ಊರು ಮರೆತಿತ್ತು, ಅಪ್ಪ ಮರೆತಿದ್ದ. ಸಾಯಬಣ್ಣ ನನ್ನೊಡನೆ ನಗುತ್ತಿದ್ದ, ಆ ನಗೆ ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಒಂದು ಬೆಳಿಗ್ಗೆ ಆಯಿ ಪೂಜೆಗೆ ಕೂತಾಗ ನಾನು ದೇವರ ಕೋಣೆಯ ಬಾಗಿಲಲ್ಲಿ ಕೂತೆ. ಈ ಸಲ ತಿರುಗಿ ಹೋಗಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಅಲುಗಾಡದೆ ಕೂತದ್ದು ಅದೇ ಮೊದಲು. ಆಯಿ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಏನು ಎನ್ನುವಂತೆ ನೋಡಿದಳು. ನನಗೆ ಅಳು ಬಂದುಬಿಟ್ಟಿತು. ಅಳುತ್ತಲೇ ಹೇಳಿದೆ.

"ಆಯಿ, ನೀ ಗಾಲಿ ಆರಿದ ಮ್ಯಾಲ ಹನಸು ಅಂದಿದ್ದಿ. ನಾ ಬಿಸಿ ಇದ್ದಾಗೇ ಸುರದೀನಿ. ದಿನಾ."

"ಗೊತ್ತದ."

"ಗೊತ್ತಿದ್ರ ಬಜಾರದಾಗ ಯಾಕ ಹೇಳಲಿಲ್ಲ? ಎಲ್ಲಾ ನಿನ್ನ ಮ್ಯಾಲೇ ಯಾಕ ಹಾಕ್ಕೊಂಡಿ?"

ಆಯಿ ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದಳು. ಮೆಲ್ಲಗೇನಲ್ಲ, ಗಲ್ಲ ಉರಿಯುವಷ್ಟು ಒತ್ತಿ.

"ನೀ ಹೇಳ್ತಿ ಅಂತ ಹಾದಿ ನೋಡಾಕತ್ತಿದ್ದೆ, ನೀಲವ್ವ. ವಾಡಿಯಿಂದ ಬಂದ ದಿನದಿಂದ ಇವತ್ತಿಗಿ ಹದಿನೆಂಟ ದಿನಾ ತೊಗೊಂಡಿ. ಸಾಯಬಣ್ಣಗ ಅಷ್ಟು ದಿನ ತಡಿಯಾಕ ಆಗತಿದ್ದಿಲ್ಲ. ಅದಕ್ಕ ನಾ ಹೋದೆ."